ತೋಳ ನಿಂತು ತಿರುಗಿ ನೋಡುವುದು ಯಾಕೆ

ಭೂಮಿ ಇನ್ನೂ ಹಸಿಯಾಗಿದ್ದ ಕಾಲ ಅದು. ಶಿವನು ಗುಡ್ಡಗಳನ್ನು ಕೂರಿಸಿ ಮುಗಿಸಿ ಕೈ ತೊಳೆದುಕೊಂಡಿದ್ದ. ಆ ನೀರೇ ಹಳ್ಳವಾಗಿ ಹರಿಯುತ್ತಿತ್ತು. ಬಂಡೆಗಳ ಮೇಲೆ ಅವನ ಬೆರಳಿನ ಗುರುತು ಇನ್ನೂ ಮಾಸಿರಲಿಲ್ಲ. ಗಾಳಿಗೆ ಎತ್ತಲಿಂದ ಎತ್ತ ಬೀಸಬೇಕೆಂದು ಗೊತ್ತಿರಲಿಲ್ಲ. ಯಾರು ಕೇಳಿದರೆ ಅವರಿಗೆ ಬೇಕಾದ ಕಡೆ ಬೀಸುತ್ತಿತ್ತು.

ಆ ಕಾಲದಲ್ಲಿ ಎಲ್ಲರ ಮಾತೂ ಎಲ್ಲರಿಗೂ ತಿಳಿಯುತ್ತಿತ್ತು. ಹಳ್ಳ ಏನಾದರೂ ಹೇಳಿದರೆ ಗುಡ್ಡ ಹೂಂಗುಟ್ಟುತ್ತಿತ್ತು. ಕುರಿ ಹೇಳಿದ್ದು ಮನುಷ್ಯನಿಗೆ ತಿಳಿಯುತ್ತಿತ್ತು, ಮನುಷ್ಯ ಹೇಳಿದ್ದು ತೋಳಕ್ಕೆ ತಿಳಿಯುತ್ತಿತ್ತು. ಹಾಗಾದರೆ ಆಗ ಜಗಳವೇ ಇರಲಿಲ್ಲವೇ ಎಂದು ನೀನು ಕೇಳಬಹುದು, ಮಗು. ಇತ್ತು. ಮಾತು ತಿಳಿಯುತ್ತಿದ್ದುದರಿಂದ ಬೈದದ್ದೂ ತಿಳಿಯುತ್ತಿತ್ತು.

ಬಯಲಿನಲ್ಲಿ ಕುರಿ ಕಾಯುವವರ ಹಟ್ಟಿ ಇತ್ತು. ಬಯಲಿನ ಆಚೆ ಗುಡ್ಡದಲ್ಲಿ ತೋಳಗಳ ಗವಿ ಇತ್ತು. ನಡುವೆ ಹಳ್ಳ. ಈಗ ಕೇಳಿದರೆ ನೀನು ನಗುತ್ತೀಯೆ, ಆದರೆ ಆ ಎರಡು ಮನೆಯವರು ಬೀಗರಾಗಿದ್ದರು. ಹಟ್ಟಿಯ ಹಾಲವ್ವನನ್ನು ಗುಡ್ಡದ ಒಂದು ಪ್ರಾಯದ ತೋಳಕ್ಕೆ ಕೊಟ್ಟು ಮದುವೆ ಮಾಡಿದ್ದರು. ಆ ಕಾಲಕ್ಕೆ ಅದು ಅಚ್ಚರಿಯ ಸಂಬಂಧವಾಗಿರಲಿಲ್ಲ. ಹುಡುಗ ಒಳ್ಳೆಯವನು, ದುಡಿಯುತ್ತಾನೆ, ಇಷ್ಟು ಸಾಕು ಎಂದುಕೊಂಡಿದ್ದರು.

ಮದುವೆಯ ಊಟದಲ್ಲೇ ಕೆಟ್ಟಿತು.

ಹಾಲವ್ವನ ಅಣ್ಣ ಎರೆಯಪ್ಪ ಹಟ್ಟಿಯ ಯಜಮಾನ. ಅವನು ಮೊದಲ ಪಂಕ್ತಿಯಲ್ಲಿ ತನ್ನವರನ್ನು ಕೂರಿಸಿದ. ತನ್ನವರು ಎಂದರೆ ಮನೆಯವರು, ಮನೆಯವರ ಜೊತೆಗೆ ರೊಪ್ಪ ಕಾಯುವ ನಾಯಿಗಳು. ಕುರಿಗಳನ್ನು ಕೂಡುವ ಮುಳ್ಳುಬೇಲಿಯ ಆವರಣಕ್ಕೆ ಆ ಕಡೆ ರೊಪ್ಪ ಎನ್ನುತ್ತಾರೆ. ಬೀಗರಾದ ತೋಳಗಳಿಗೆ ಎರಡನೆಯ ಪಂಕ್ತಿ ಎಂದ. ಅವನ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲವೇನೋ. ಆದರೆ ನಾಯಿಗಳು ತೋಳಗಳಿಗೆ ದಾಯಾದಿಗಳು. ತಮ್ಮ ಮನೆ ಬಿಟ್ಟು ಎಂಜಲಿಗೆ ಹೋದವರೆಂದು ತೋಳಗಳು ಅವುಗಳ ಹೆಸರನ್ನೂ ಎತ್ತುತ್ತಿರಲಿಲ್ಲ. ಅಂಥವು ಮೊದಲು ಉಂಡವು. ಉಂಡು ಎದ್ದು ಹೋಗುವಾಗ ಒಂದು ಮುದಿ ನಾಯಿ ತೋಳಗಳ ಮುಂದೆ ನಿಂತು, ಸಾರು ಚೆನ್ನಾಗಿದೆ, ಉಳಿದಿದ್ದರೆ ನಿಮಗೂ ಹಾಕುತ್ತಾರೆ ಎಂದಿತು.

ತೋಳಗಳು ಉಣ್ಣದೆ ಎದ್ದವು. ಹೋಗುವಾಗ ದಾರಿಯಲ್ಲಿ ಒಂದು ಕುರಿಮರಿಯನ್ನು ಎತ್ತಿಕೊಂಡು ಹೋದವು. ನಮ್ಮ ಊಟ ನಾವು ತೆಗೆದುಕೊಂಡೆವು ಎಂದು ಗುಡ್ಡದವರು ಹೇಳಿದರು. ಬೀಗರು ಕಳ್ಳರು ಎಂದು ಹಟ್ಟಿಯವರು ಹೇಳಿದರು. ಅಲ್ಲಿಂದ ಶುರು. ಒಂದು ಮರಿಗೆ ಒಂದು ಕಲ್ಲೇಟು, ಒಂದು ಕಲ್ಲೇಟಿಗೆ ಒಂದು ಮರಿ. ಹಾಗೆಯೇ ಒಂದು ಗದ್ದಲದಲ್ಲಿ ಹಾಲವ್ವನ ಗಂಡ ಸತ್ತ. ಕಲ್ಲು ಎಸೆದವರು ಯಾರೆಂದು ಹಟ್ಟಿಯಲ್ಲಿ ಯಾರೂ ಕೇಳಲಿಲ್ಲ, ಯಾರೂ ಹೇಳಲಿಲ್ಲ. ಹಾಲವ್ವ ಕೂಸನ್ನು ಕಂಕುಳಲ್ಲಿ ಇಟ್ಟುಕೊಂಡು ಅಣ್ಣನ ಹಟ್ಟಿಗೆ ಬಂದಳು. ಬರದೆ ಎಲ್ಲಿ ಹೋಗುತ್ತಾಳೆ.

ಆ ಕೂಸಿನ ಕತೆಯೇ ಇದು.

ಆ ಹುಡುಗನಿಗೆ ಎರಡು ಮೈ. ಹಟ್ಟಿಯವರು ಹೆಸರು ಹಿಡಿದು ಕೂಗಿದರೆ ಹುಡುಗ. ಗುಡ್ಡದವರು ಊಳಿಟ್ಟು ಕರೆದರೆ ತೋಳ. ತಾನಾಗಿ ಆಗುತ್ತಿರಲಿಲ್ಲ, ಕರೆಯುವವರು ಬೇಕಿತ್ತು. ಚಿಕ್ಕಂದಿನಲ್ಲಿ ಅದೊಂದು ಆಟವಾಗಿತ್ತು. ಬೆಳಗ್ಗೆ ತಾಯಿಯ ಕೈಯಲ್ಲಿ ರೊಟ್ಟಿ ತಿನ್ನುತ್ತಿದ್ದ. ಹೊತ್ತು ಇಳಿದಾಗ ಗುಡ್ಡದ ಮೇಲಿಂದ ಬೂದಜ್ಜಿ ಕರೆಯುತ್ತಿದ್ದಳು. ಬೂದಜ್ಜಿ ಅವನ ತಂದೆಯ ತಾಯಿ, ಬೂದಿ ಬಣ್ಣದ ಮುದಿ ತೋಳ. ಅವನು ನಾಲ್ಕು ಕಾಲಲ್ಲಿ ಹಳ್ಳ ಹಾರಿ ಹೋಗಿ ಅವಳ ಹೊಟ್ಟೆಗೆ ಒರಗಿ ಮಲಗುತ್ತಿದ್ದ. ಎರಡೂ ಕಡೆಯವರು ಕರೆಯುತ್ತಿದ್ದರು. ಅವನು ಎರಡೂ ಕಡೆಗೆ ಓಗೊಡುತ್ತಿದ್ದ.

ಮೀಸೆ ಚಿಗುರುವ ವಯಸ್ಸು ಬಂತು. ಆಗ ಕಷ್ಟವಾಯಿತು.

ಆ ವಯಸ್ಸಿನವನು ಯಾರ ಪಾಲಿಗೆ ಎನ್ನುವ ಪ್ರಶ್ನೆ ಬಂತು ನೋಡು. ಎರಡೂ ಕಡೆಯವರು ಒಂದೇ ಹೊತ್ತಿಗೆ ಕರೆಯತೊಡಗಿದರು. ಇತ್ತ ಎರೆಯಪ್ಪ ಹೆಸರು ಹಿಡಿದು ಕೂಗಿದರೆ ಅತ್ತ ಬೂದಜ್ಜಿ ಬೇಕೆಂದೇ ಊಳಿಡುವಳು. ಹುಡುಗ ನಡುವೆ ಸಿಕ್ಕಿಕೊಳ್ಳುತ್ತಿದ್ದ. ಒಂದು ಕೈ ಕೈಯಾಗಿಯೇ ಇರುತ್ತಿತ್ತು, ಇನ್ನೊಂದು ಪಂಜವಾಗುತ್ತಿತ್ತು. ಒಂದು ಕೆನ್ನೆ ನುಣ್ಣಗೆ, ಇನ್ನೊಂದರಲ್ಲಿ ಕೂದಲು. ಮೂಳೆಗಳು ಎರಡೂ ಕಡೆಗೆ ಎಳೆದಂತಾಗಿ ನೋಯುತ್ತಿದ್ದವು. ಹಳ್ಳದ ಮರಳಿನಲ್ಲಿ ಉರುಳಾಡಿ, ಇಬ್ಬರೂ ಸುಮ್ಮನಾಗುವವರೆಗೆ ಕಿವಿ ಮುಚ್ಚಿಕೊಂಡು ಬಿದ್ದಿರುತ್ತಿದ್ದ.

ಹಟ್ಟಿಯ ಹುಡುಗಿಯರು ನೀರಿಗೆ ಬಂದಾಗ ನೋಡಿ ನಗುತ್ತಿದ್ದರು. ಇವತ್ತು ಯಾವ ಕಡೆ ಮೀಸೆ ಬಂದಿದೆ, ಮಾವಯ್ಯಾ, ಎಂದು ಕೇಳುತ್ತಿದ್ದರು. ಗುಡ್ಡಕ್ಕೆ ಹೋದರೆ ಅಲ್ಲಿನ ಮರಿ ತೋಳಗಳು ಮೂಗು ಎತ್ತಿ, ರೊಟ್ಟಿ ವಾಸನೆ ಬರುತ್ತಿದೆ, ಯಾವುದೋ ನಾಯಿ ಬಂದಿರಬೇಕು ಎನ್ನುತ್ತಿದ್ದವು. ಅವನು ಎರಡು ಕಡೆಯೂ ನಕ್ಕು ಸುಮ್ಮನಾಗುತ್ತಿದ್ದ. ಆ ವಯಸ್ಸಿನಲ್ಲಿ ಆ ನಗು ಎಷ್ಟು ಕಹಿಯೆಂದು ಹಳ್ಳಕ್ಕೆ ಮಾತ್ರ ಗೊತ್ತಿತ್ತು, ಏಕೆಂದರೆ ಅವನು ಮುಖ ತೊಳೆಯುತ್ತಿದ್ದುದು ಅಲ್ಲಿ.

ಹಟ್ಟಿಯಲ್ಲಿ ಒಂದು ಪದ್ಧತಿ ಇತ್ತು. ಹುಡುಗ ಪ್ರಾಯಕ್ಕೆ ಬಂದಾಗ ಸೋದರಮಾವ ಅವನಿಗೆ ಕಂಬಳಿ ಹೊದಿಸಬೇಕು. ಕಂಬಳಿ ಹೊದ್ದವನು ಹಟ್ಟಿಯ ಗಂಡಸು. ಎರೆಯಪ್ಪ ಕಪ್ಪು ಕುರಿಯ ಉಣ್ಣೆಯಲ್ಲಿ ಕಂಬಳಿ ನೇಯಿಸಿಯೂ ಇಟ್ಟಿದ್ದ. ಒಂದು ದಿನ ಅಳಿಯನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡ.

"ಕಂಬಳಿ ನಿನ್ನದೇ ಅಳಿಯಾ, ಬೇರೆ ಯಾರಿಗೆ ಕೊಡಲಿ," ಎಂದ. "ಒಂದು ಮಾತು ಹೇಳಿಬಿಡು. ಗವಿಗೆ ಹಿಂದಿನಿಂದ ಇನ್ನೊಂದು ಬಾಯಿ ಇದೆಯಂತಲ್ಲ. ಅದು ಎಲ್ಲಿ?"

ಹುಡುಗ ಹೇಳಲಿಲ್ಲ. ಎರೆಯಪ್ಪ ಸಿಟ್ಟಾಗಲಿಲ್ಲ. ಯೋಚನೆ ಮಾಡು, ಕಂಬಳಿ ಎಲ್ಲೂ ಓಡಿಹೋಗುವುದಿಲ್ಲ ಎಂದ.

ಗುಡ್ಡದಲ್ಲೂ ಅದೇ. ಪ್ರಾಯದ ತೋಳಕ್ಕೆ ಚಿಕ್ಕಪ್ಪ ಬೇಟೆಯ ಮೊದಲ ತುತ್ತು ಬಿಟ್ಟುಕೊಡಬೇಕು. ಅವನ ಚಿಕ್ಕಪ್ಪನಿಗೆ ಎರೆಯಪ್ಪನ ಕೋಲಿನ ಏಟು ಬಿದ್ದು ಹಿಂಗಾಲು ಕುಂಟಾಗಿತ್ತು, ಎಲ್ಲರೂ ಕುಂಟ ಎನ್ನುತ್ತಿದ್ದರು. ಮೊದಲ ತುತ್ತು ನಿನ್ನದೇ, ಮಗನೇ, ಎಂದು ಕುಂಟ ಹೇಳಿದ. ರೊಪ್ಪದ ಬೇಲಿ ಯಾವ ಕಡೆ ಸಡಿಲವಿದೆ ಎಂದಷ್ಟು ಹೇಳು ಎಂದ. ಹುಡುಗ ಅದನ್ನೂ ಹೇಳಲಿಲ್ಲ. ಬೂದಜ್ಜಿ ಅವನ ಕಿವಿ ನೆಕ್ಕುತ್ತ, ನಿನ್ನಪ್ಪನ ಮೇಲೆ ಬಿದ್ದ ಕಲ್ಲು ಇನ್ನೂ ಆ ಬಯಲಿನಲ್ಲೇ ಬಿದ್ದಿದೆ ಕಂದಾ ಎಂದಳು. ಅವಳು ಪ್ರೀತಿಯಿಂದಲೇ ಹೇಳಿದಳು. ಅದೇ ಕಷ್ಟ.

ಅವನಿಗೆ ಬೇಕಿದ್ದುದು ದೊಡ್ಡದೇನಲ್ಲ. ಎರಡು ಕಡೆಯವರೂ ಕರೆಯುತ್ತಿರಬೇಕು, ಒಬ್ಬೊಬ್ಬರಾಗಿ, ನೋವಾಗದಂತೆ. ಅಷ್ಟೆ.

ಹೀಗಿರುವಾಗ ಮಳೆಗಾಲ ಕಳೆದ ಮೇಲೆ ಕುಂಟ ಒಂದು ಮರಿ ಹೊಡೆದ. ಚುಕ್ಕಿ ಎನ್ನುವ ಕುರಿಯ ಚೊಚ್ಚಲ ಮರಿ ಅದು. ನಾಯಿಗಳು ಅಟ್ಟಿಸಿಕೊಂಡು ಬಂದಾಗ ಅವನು ಮರಿಯನ್ನು ಬೇಲಿಯ ಬುಡದಲ್ಲೇ ಬಿಟ್ಟು ಓಡಿದ. ಅದಕ್ಕೆ ಎರೆಯಪ್ಪನ ಕಡೆಯವರು ಗವಿಯ ಮುಂದಿನ ಬಾಯಿಗೆ ಒಣಮುಳ್ಳು ತುರುಕಿ ಬೆಂಕಿ ಇಟ್ಟರು. ಕುಂಟನ ಹೆಂಡತಿ ಆಗಷ್ಟೇ ಈದಿದ್ದಳು. ಹೊಗೆಯಲ್ಲಿ ಅವಳು ಸತ್ತಳು, ಅವಳ ಮರಿಗಳೂ ಸತ್ತವು. ಅವಳ ಹೊಟ್ಟೆಯ ಕೆಳಗೆ ಸಿಕ್ಕಿಕೊಂಡಿದ್ದ ಒಂದು ಮರಿ ಮಾತ್ರ ಉಳಿಯಿತು.

ಗುಡ್ಡದಲ್ಲಿ ಹಾಲಿರುವ ಹೆಣ್ಣು ತೋಳ ಬೇರೆ ಇರಲಿಲ್ಲ. ಕುಂಟ ಮಾಂಸವನ್ನು ಅಗಿದು ಅಗಿದು ಮರಿಯ ಬಾಯಿಗೆ ಇಟ್ಟ. ಅದಕ್ಕೆ ನುಂಗಲು ಬರಲಿಲ್ಲ. ಹುಡುಗ ಹೋಗಿ ನೋಡಿದಾಗ ಮರಿ ಕಣ್ಣು ಕೂಡ ಬಿಡದೆ ಅವನ ಬೆರಳನ್ನು ಚೀಪಿತು. ಬೆರಳಿನಲ್ಲಿ ಏನು ಬಂದೀತು.

ಅತ್ತ ಚುಕ್ಕಿ ಕೆಚ್ಚಲು ಬಿಗಿದು ನೋವಿನಿಂದ ಅರಚುತ್ತ ಬೇಲಿ ಸುತ್ತುತ್ತಿದ್ದಳು. ಇತ್ತ ಮರಿ ಹಾಲಿಲ್ಲದೆ ಸಾಯುತ್ತಿತ್ತು. ಹುಡುಗ ಹಳ್ಳದ ದಂಡೆಯಲ್ಲಿ ಕುಳಿತು ಎರಡನ್ನೂ ಯೋಚಿಸಿದ.

ಕುರಿ ಕಾಯುವವರಿಗೆ ಒಂದು ಕೆಲಸ ಗೊತ್ತು, ಮಗು. ತಾಯಿಕುರಿ ಬೇರೆಯವರ ಮರಿಯನ್ನು ಸೇರಿಸಿಕೊಳ್ಳುವುದಿಲ್ಲ. ಮೂಸಿ ನೋಡಿ ಒದೆಯುತ್ತದೆ. ಹಾಗಾಗಿ ಮರಿ ಸತ್ತ ತಾಯಿಗೆ ತಬ್ಬಲಿ ಮರಿಯನ್ನು ಕೂಡಿಸಬೇಕಾದರೆ, ಸತ್ತ ಮರಿಯ ತೊಗಲನ್ನು ಸುಲಿದು ತಬ್ಬಲಿಗೆ ಅಂಗಿಯಂತೆ ತೊಡಿಸುತ್ತಾರೆ. ತಾಯಿ ಮೂಸುತ್ತಾಳೆ, ನನ್ನದೇ ವಾಸನೆ ಎನ್ನುತ್ತಾಳೆ, ಹಾಲು ಬಿಡುತ್ತಾಳೆ. ಕೆಲವು ದಿನ ಕಳೆದರೆ ಅವಳ ಹಾಲಿನ ವಾಸನೆ ಮರಿಯ ಮೈಗೇ ಬರುತ್ತದೆ. ಆಗ ತೊಗಲು ಬಿಚ್ಚಿದರೂ ಬಿಡುವುದಿಲ್ಲ. ಹುಡುಗ ಈ ಕೆಲಸವನ್ನು ಮಾವನ ಕೈಯಿಂದಲೇ ಕಲಿತಿದ್ದ.

ಕುಂಟ ನೀರಿಗೆ ಹೋಗಿದ್ದ ಹೊತ್ತಿನಲ್ಲಿ ಹುಡುಗ ಗವಿಯ ಹಿಂದಿನ ಬಾಯಿಯಿಂದ ಹೋಗಿ ಮರಿಯನ್ನು ಮಡಿಲಲ್ಲಿ ತಂದ. ಚುಕ್ಕಿಯ ಸತ್ತ ಮರಿಯ ತೊಗಲು ಸುಲಿದು ಅದಕ್ಕೆ ತೊಡಿಸಿದ. ರೊಪ್ಪದ ಮೂಲೆಯಲ್ಲಿ, ಹಾಲೂಡುವ ತಾಯಂದಿರನ್ನು ಬಿಡುವ ಸಣ್ಣ ಗೂಡಿನಲ್ಲಿ, ಚುಕ್ಕಿಯ ಮುಂದೆ ಇಟ್ಟ. ಅವಳು ಮೂಸಿದಳು. ಬಹಳ ಹೊತ್ತು ಮೂಸಿದಳು.

"ಕಿವಿ ಬೇರೆ ಇದೆಯಲ್ಲೋ," ಎಂದಳು.

"ಕಿವಿ ಬೇರೆಯೇ ಚುಕ್ಕವ್ವಾ," ಎಂದ ಹುಡುಗ. ಸುಳ್ಳು ಹೇಳಲು ಅವನಿಗೆ ಮನಸ್ಸಾಗಲಿಲ್ಲ.

"ಹಸಿದಿದೆ," ಎಂದು ಚುಕ್ಕಿ ಕಾಲು ಅಗಲಿಸಿ ನಿಂತಳು. ಮರಿ ಚೀಪತೊಡಗಿತು. ಅವಳು ತಿರುಗಿ ಅದರ ಬಾಲವನ್ನು ನೆಕ್ಕಿದಳು.

ಹಾಲವ್ವ ಗೂಡಿನ ಹೊರಗೆ ನಿಂತು ನೋಡುತ್ತಿದ್ದಳು. ಮಗ ಹೇಳುವ ಮೊದಲೇ ಅವಳಿಗೆ ಅರ್ಥವಾಗಿತ್ತು. ಅವನು ಉತ್ಸಾಹದಿಂದ ತನ್ನ ಯೋಚನೆಯನ್ನೆಲ್ಲ ಹೇಳಿದ. ಹಾಲಿನ ವಾಸನೆ ಮೈಗೆ ಹತ್ತಲಿ, ಆಮೇಲೆ ತೊಗಲು ಬಿಚ್ಚಿ ಎರಡು ಮನೆಯವರ ಮುಂದೆ ನಿಲ್ಲಿಸುತ್ತೇನೆ. ಹಟ್ಟಿಯ ಹಾಲು ಕುಡಿದ ಮರಿಯನ್ನು ಹಟ್ಟಿಯವರು ಹೊಡೆಯಲಾರರು. ಮರಿಗೆ ಹಾಲು ಕೊಟ್ಟ ರೊಪ್ಪವನ್ನು ಗುಡ್ಡದವರು ಮುರಿಯಲಾರರು. ಆಮೇಲೆ ಜಗಳಕ್ಕೆ ಏನು ಉಳಿಯಿತು.

ಹಾಲವ್ವ ಮಗನ ತಲೆ ಸವರಿದಳು. "ನಿನ್ನನ್ನು ಹೆತ್ತಾಗಲೂ ನಾನು ಹಾಗೇ ಅಂದುಕೊಂಡಿದ್ದೆ ಕಣೋ," ಎಂದಳು. ಆಮೇಲೆ ಗೂಡಿನ ಬಾಗಿಲಿಗೆ ತನ್ನ ಹಳೆಯ ಸೀರೆಯ ತುಂಡು ಕಟ್ಟಿ ಮರೆ ಮಾಡಿದಳು.

ಹುಡುಗ ಗಾಳಿಯನ್ನು ಬೇಡಿಕೊಂಡ. ರೊಪ್ಪದ ಕಡೆಯಿಂದ ಗುಡ್ಡದ ಕಡೆಗೆ ಬೀಸಬೇಡ, ಮರಿಯ ವಾಸನೆ ಯಾರ ಮೂಗಿಗೂ ಒಯ್ಯಬೇಡ, ನಾನು ಹೇಳುವವರೆಗೆ ಹೊರಗೇ ತಿರುಗು ಎಂದ. ಗಾಳಿಗೆ ಯಾರು ಕೇಳಿದರೂ ಒಂದೇ. ಆಗಲಿ ಎಂದಿತು. ಅಂದಿನಿಂದ ರೊಪ್ಪದ ಮೇಲೆ ಒಂದು ಎಲೆ ಅಲುಗಲಿಲ್ಲ. ನಾಯಿಗಳಿಗೂ ಏನೂ ತಿಳಿಯಲಿಲ್ಲ.

ಗುಡ್ಡದಲ್ಲಿ ಮರಿ ಇಲ್ಲದ್ದು ಕಂಡು ಗದ್ದಲವಾಯಿತು. ಹುಡುಗ ಹೋಗಿ ಬೂದಜ್ಜಿಗೆ, ಮರಿ ಬದುಕಿದೆ, ಹಾಲು ಕುಡಿಯುತ್ತಿದೆ, ಎಲ್ಲಿ ಎಂದು ಮಾತ್ರ ಈಗ ಕೇಳಬೇಡ ಎಂದ. ಬೂದಜ್ಜಿ ಅವನ ಕಣ್ಣನ್ನೇ ನೋಡಿ ಹೂಂ ಎಂದಳು. ಕುಂಟ ನಂಬಲಿಲ್ಲ. ಹಾಲು ಇರುವುದು ಹಟ್ಟಿಯಲ್ಲಿ. ಹಟ್ಟಿಯವರು ನನ್ನ ಮಗನನ್ನು ಹಿಡಿದಿಟ್ಟುಕೊಂಡಿದ್ದಾರೆ, ಈ ಹುಡುಗ ಅವರ ಮಾತು ಆಡುತ್ತಿದ್ದಾನೆ ಎಂದು ಮನಸ್ಸಿನಲ್ಲೇ ಕಟ್ಟಿಕೊಂಡ.

ಮರಿ ದಿನದಿನಕ್ಕೆ ದುಂಡಗಾಯಿತು. ಕಣ್ಣು ಬಿಟ್ಟಿತು. ಚುಕ್ಕಿ ಎಲ್ಲಿ ನಿಂತರೆ ಅವಳ ಕಾಲ ನಡುವೆ ಉರುಳುತ್ತ ಬರುತ್ತಿತ್ತು. ಇನ್ನು ಸಾಕು, ತೊಗಲು ಬಿಚ್ಚಬಹುದು ಎಂದು ಹುಡುಗನಿಗೆ ಅನಿಸಿತು. ಆದರೆ ಎಲ್ಲರ ಎದುರಿಗೆ ಬಿಚ್ಚಬೇಕು, ಆಗಲೇ ಅದಕ್ಕೆ ಬೆಲೆ ಎಂದುಕೊಂಡ. ಎರಡು ಮನೆಗೂ ಹೇಳಿ ಕಳುಹಿಸಿದ: ನಾಳೆ ಹೊತ್ತು ಮೂಡಿದ ಮೇಲೆ ಹಳ್ಳದ ದಂಡೆಯ ಬನ್ನಿಮರದ ಕೆಳಗೆ ಎಲ್ಲರೂ ಬನ್ನಿ, ಒಬ್ಬರೂ ಮನೆಯಲ್ಲಿ ಉಳಿಯಬೇಡಿ, ನನ್ನ ಉತ್ತರ ಅಲ್ಲಿ ಹೇಳುತ್ತೇನೆ.

ಎರೆಯಪ್ಪ ನಕ್ಕು ಕಂಬಳಿಯನ್ನು ಹೆಗಲಿಗೆ ಹಾಕಿಕೊಂಡ. ಅಳಿಯ ನಮ್ಮ ಕಡೆಯೇ ಎಂದ. ಬೂದಜ್ಜಿ ತನ್ನವರಿಗೆ ಮೈ ನೆಕ್ಕಿ ಶುಚಿಯಾಗಿ ಎಂದಳು. ಮೊಮ್ಮಗ ನಮ್ಮ ಕಡೆಯೇ ಎಂದಳು.

ಬೆಳಗ್ಗೆ ಎಲ್ಲರೂ ಬಂದರು. ಒಂದು ಕಡೆ ಹಟ್ಟಿಯವರು, ಅವರ ಕಾಲ ಬಳಿ ನಾಯಿಗಳು. ಇನ್ನೊಂದು ಕಡೆ ಗುಡ್ಡದವರು. ಮದುವೆಯ ದಿನ ಬಿಟ್ಟರೆ ಅವರು ಅಷ್ಟು ಹತ್ತಿರ ಕುಳಿತದ್ದು ಅದೇ ಮೊದಲು. ಅಂದು ಯಾರೂ ಕರೆಯದೆ ಇದ್ದುದರಿಂದ ಹುಡುಗ ಇಡೀ ಹುಡುಗನಾಗಿಯೇ ಇದ್ದ. ತಾಯಿಯ ಕಡೆ ನೋಡಿದ. ಅವಳು ತಲೆಯಾಡಿಸಿದಳು.

ನನಗೆ ಕಂಬಳಿಯೂ ಬೇಕು, ತುತ್ತೂ ಬೇಕು, ಎರಡಕ್ಕೂ ಸಲ್ಲುವ ಒಂದನ್ನು ತೋರಿಸುತ್ತೇನೆ, ನನ್ನ ಹಿಂದೆ ಬನ್ನಿ ಎಂದು ಹುಡುಗ ರೊಪ್ಪದ ಕಡೆಗೆ ನಡೆದ. ಎಲ್ಲರೂ ಹಿಂದೆ ಬಂದರು. ಬೂದಜ್ಜಿ ನಡುದಾರಿಯಲ್ಲಿ ಒಮ್ಮೆ ತನ್ನವರನ್ನು ನೋಡಿ, ಕುಂಟ ಎಲ್ಲಿ ಎಂದು ಕೇಳಿದಳು. ಯಾರಿಗೂ ಗೊತ್ತಿರಲಿಲ್ಲ.

ಕುಂಟ ಬನ್ನಿಮರಕ್ಕೆ ಬಂದಿರಲಿಲ್ಲ. ಹಟ್ಟಿಯವರೆಲ್ಲ ಮರದ ಕೆಳಗೆ, ನಾಯಿಗಳೆಲ್ಲ ಮರದ ಕೆಳಗೆ, ರೊಪ್ಪಕ್ಕೆ ಕಾವಲಿಲ್ಲ. ಮಗನನ್ನು ಬಿಡಿಸಿಕೊಂಡು ಬರಲು ಇದಕ್ಕಿಂತ ಒಳ್ಳೆಯ ಹೊತ್ತು ಯಾವುದು ಎಂದುಕೊಂಡು ಅವನು ಬೇಲಿ ಹಾರಿದ್ದ. ಮೂಲೆ ಮೂಲೆ ಮೂಸಿದ. ಗಾಳಿ ಇರಲಿಲ್ಲ. ಎಲ್ಲ ಕಡೆಯೂ ಉಣ್ಣೆಯ ವಾಸನೆ, ಹಿಕ್ಕೆಯ ವಾಸನೆ, ಹಾಲಿನ ವಾಸನೆ. ಮಗನ ವಾಸನೆ ಎಲ್ಲಿಯೂ ಇಲ್ಲ. ಕೊಂದೇ ಬಿಟ್ಟಿದ್ದಾರೆ ಎಂದು ಅವನಿಗೆ ಖಾತ್ರಿಯಾಯಿತು. ಗೂಡಿನ ಬಟ್ಟೆ ಸರಿಸಿದಾಗ ಕುರಿಯ ಕಾಲಿನ ಮರೆಯಲ್ಲಿ ಒಂದು ಮರಿ ನಿದ್ದೆ ಮಾಡುತ್ತಿತ್ತು. ಚುಕ್ಕಿ ಹಣೆಯಿಂದ ಗುದ್ದಿದಳು. ಬೇಡ, ಅದು ನಿನ್ನದು ಎಂದು ಅವಳು ಹೇಳಿದಳೆಂದು ಹಳ್ಳ ಆಗ ಹೇಳುತ್ತಿತ್ತಂತೆ. ಹೇಳಿದ್ದರೂ ಅವನು ಕೇಳುವ ಸ್ಥಿತಿಯಲ್ಲಿ ಇರಲಿಲ್ಲ. ನನ್ನ ಮಗನಿಗೆ ಬದಲು ಇದು ಎಂದು ಮರಿಯ ಕುತ್ತಿಗೆಗೆ ಬಾಯಿ ಹಾಕಿದ.

ತೊಗಲಿನ ಕೆಳಗೆ ಇನ್ನೊಂದು ತೊಗಲು ಇರುವುದು ಹಲ್ಲಿಗೆ ಮೊದಲು ತಿಳಿಯಿತು.

ಹುಡುಗ ಎಲ್ಲರನ್ನೂ ಕರೆದುಕೊಂಡು ಬಂದು ನಿಂತಾಗ ಕುಂಟ ಗೂಡಿನ ಮುಂದೆ ನಿಂತಿದ್ದ. ಅವನ ಬಾಯಿಯಿಂದ ಮರಿ ಕೆಳಗೆ ಬಿದ್ದಿತ್ತು. ಕುರಿಮರಿಯ ತೊಗಲು ಒಂದು ಕಡೆ ಹರಿದು ತೆರೆದುಕೊಂಡು, ಒಳಗಿನ ತೋಳಮರಿಯ ಕಂದು ಕೂದಲು ಕಾಣುತ್ತಿತ್ತು. ಚುಕ್ಕಿ ಅವನನ್ನು ದಾಟಿಕೊಂಡು ಬಂದು, ಯಾರಿಗೂ ಹೆದರದೆ, ಮರಿಯ ಬಾಲ ನೆಕ್ಕುತ್ತಿದ್ದಳು.

ಬೂದಜ್ಜಿ ಊಳಿಟ್ಟಳು. ಅದು ಯಾರನ್ನೂ ಕರೆದದ್ದಲ್ಲ, ಅಳು. ಆದರೆ ಅದನ್ನು ಕೇಳಿ ಹುಡುಗನ ಮೈ ಬಗ್ಗಿತು. ಕೈ ನೆಲಕ್ಕೆ ಊರಿದ. ಎಲ್ಲರೂ ನೋಡುತ್ತಿದ್ದಂತೆ ಅವನು ತೋಳವಾದ.

ಗಾಳಿ ಅಷ್ಟು ಹೊತ್ತಿಗೆ ಹತ್ತಿರ ಬಂದಿತ್ತು. ಒಂದು ಸಲ ಬೀಸಿದ್ದರೆ ಸಾಕಿತ್ತಲ್ಲ ಎಂದು ಹುಡುಗ ಅದನ್ನು ನೋಡಿದ. ಬೀಸಬೇಡ ಎಂದು ಕೇಳಿದ್ದು ನೀನೇ ಅಲ್ಲವೇ ಎಂದಿತು ಗಾಳಿ. ಅದಕ್ಕೆ ಅದರಲ್ಲಿ ಏನೂ ತಪ್ಪು ಕಾಣಲಿಲ್ಲ.

ಮೊದಲು ಮಾತಾಡಿದವನು ಎರೆಯಪ್ಪ. ಹಸಿದ ಮರಿಗೆ ಹಾಲು ಕೊಟ್ಟದ್ದು ಅವನಿಗೆ ಕಾಣಲಿಲ್ಲ. ಕುರಿಯ ತೊಗಲು ತೊಡಿಸಿ ನನ್ನ ರೊಪ್ಪದೊಳಗೆ ಕಳ್ಳನನ್ನು ಸಾಕಿದ್ದಾನೆ, ಇವತ್ತು ಹಾಲು ಕುಡಿದವನು ನಾಳೆ ರಕ್ತ ಕುಡಿಯುತ್ತಿದ್ದ, ಇದನ್ನು ಮಾಡಿದ್ದು ನನ್ನ ಅಳಿಯ ಎಂದ. ಆಮೇಲೆ ಕುಂಟ ತಲೆ ಎತ್ತಿದ. ನನ್ನ ಮಗನ ಮೈಯಿಂದ ನನ್ನ ವಾಸನೆ ತೆಗೆದವನು ಇವನು, ಕೊಂದವನು ನಾನಲ್ಲ ಎಂದ. ಹಾಗೆ ಹೇಳದೆ ಅವನಿಗೆ ಬದುಕುವುದು ಆಗುತ್ತಿರಲಿಲ್ಲ. ಬೂದಜ್ಜಿ ಮಗನನ್ನು ನೋಡಿದಳು, ಮೊಮ್ಮಗನನ್ನು ನೋಡಿದಳು. ಉಳಿದ ಒಬ್ಬ ಮಗನನ್ನು ಉಳಿಸಿಕೊಳ್ಳಬೇಕೆಂದರೆ ಅವಳು ಅವನ ಮಾತನ್ನು ಒಪ್ಪಬೇಕಿತ್ತು. ಒಪ್ಪಿದಳು.

ಎರಡು ಮನೆಯವರೂ ಹೌದು ಹೌದು ಎಂದರು. ಇಷ್ಟು ವರ್ಷದಲ್ಲಿ ಅವರು ಒಂದು ಮಾತಿಗೆ ಒಪ್ಪಿದ್ದು ಅದೊಂದೇ ಸಲ.

ಎರೆಯಪ್ಪ ನೆಲದ ಮಣ್ಣು ತೆಗೆದು ಹಣೆಗೆ ಹಚ್ಚಿಕೊಂಡು ಶಿವನ ಮೇಲೆ ಆಣೆ ಇಟ್ಟ. ಈ ಹಟ್ಟಿಯಲ್ಲಿ ಇವನ ಹೆಸರನ್ನು ಯಾರೂ ಎತ್ತಬಾರದು, ಎತ್ತಿದವರು ಇವನ ಹಿಂದೆಯೇ ಹೊರಟುಹೋಗಬೇಕು ಎಂದ. ಬೂದಜ್ಜಿಯೂ ಅದೇ ಶಿವನ ಮೇಲೆ ಆಣೆ ಇಟ್ಟಳು. ನಮ್ಮ ಊಳಿನಲ್ಲಿ ಇವನಿಗೆ ಕರೆ ಇಲ್ಲ ಎಂದಳು. ದೇವರಿಗೆ ನಿಜ ಏನೆಂದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಇಬ್ಬರೂ ಅವನ ಮೇಲೆಯೇ ಆಣೆ ಇಟ್ಟಿದ್ದರು. ಅವನ ಬಾಯಿಯನ್ನೂ ಕಟ್ಟಿದ್ದರು.

ಹುಡುಗ ತಾಯಿಯ ಕಡೆ ನೋಡಿದ.

ಅವಳು ಒಂದು ಸಲ ಹೆಸರು ಹಿಡಿದು ಕೂಗಿದರೆ ಸಾಕಿತ್ತು. ಅವನು ಎರಡು ಕಾಲಿನ ಮೇಲೆ ಎದ್ದು ನಿಲ್ಲುತ್ತಿದ್ದ. ಆಮೇಲೆ ಎರಡು ಮನೆಯೂ ಬೇಡವೆಂದು ತಾಯಿ ಮಗ ಎಲ್ಲಿಯಾದರೂ ಹೋಗಬಹುದಿತ್ತು. ಭೂಮಿ ಆಗ ದೊಡ್ಡದಾಗಿತ್ತು, ಖಾಲಿ ಇತ್ತು.

ಹಾಲವ್ವನ ಬಾಯಿ ತೆರೆಯಿತು. ಎರೆಯಪ್ಪ ಅವಳ ಪಕ್ಕದಲ್ಲಿ ನಿಂತಿದ್ದ. ಗಂಡ ಸತ್ತ ದಿನ, ಕೂಸನ್ನು ಎತ್ತಿಕೊಂಡು, ಯಾವ ಮನೆಯ ಬಾಗಿಲೂ ತೆರೆದೀತೆಂಬ ಭರವಸೆಯಿಲ್ಲದೆ ಬಯಲಿನಲ್ಲಿ ನಡೆದದ್ದು ಅವಳಿಗೆ ನೆನಪಿತ್ತು. ಅಣ್ಣ ಈಗ ಸಿಟ್ಟಿನಲ್ಲಿದ್ದಾನೆ ಎಂದುಕೊಂಡಳು. ನಾಳೆ ಆರುತ್ತದೆ, ನಾಳೆ ಕರೆದರಾಯಿತು ಎಂದುಕೊಂಡಳು. ಸೆರಗಿನ ತುದಿಯನ್ನು ಬಾಯಿಗೆ ತುರುಕಿಕೊಂಡಳು.

ಹುಡುಗ ಬೇಲಿ ದಾಟಿ ಹೋದ. ಗುಡ್ಡದ ಕಡೆಗೆ ಹೋಗಲಿಲ್ಲ. ಅಲ್ಲಿ ಅವನಿಗೆ ಕರೆ ಇರಲಿಲ್ಲ. ಹಳ್ಳದ ಈಚೆಯೇ ಬಯಲಿನಲ್ಲಿ ನಿಂತ.

ಹಾಲವ್ವನ ನಾಳೆ ಬರಲಿಲ್ಲ. ಮರುದಿನ ಎರೆಯಪ್ಪ ಈ ಜಾಗ ಕೆಟ್ಟಿತು ಎಂದು ಹಟ್ಟಿಯನ್ನೇ ಕಿತ್ತ. ಕುರಿಗಳು ಮುಂದೆ, ನಾಯಿಗಳು ಪಕ್ಕದಲ್ಲಿ, ಹೆಂಗಸರು ಕೊನೆಯಲ್ಲಿ. ಚುಕ್ಕಿಯನ್ನು ಹಗ್ಗ ಹಾಕಿ ಎಳೆದುಕೊಂಡು ಹೋಗಬೇಕಾಯಿತು. ದೂರದಲ್ಲಿ ಒಂದು ತೋಳ ಹಿಂದೆ ಬರುತ್ತಿತ್ತು. ಹಾಲವ್ವ ಅದನ್ನು ಕಂಡಳು. ಅಣ್ಣ ಅತ್ತ ಹೋಗಲಿ ಎಂದುಕೊಂಡಳು. ಊಟದ ಹೊತ್ತಾಗಲಿ ಎಂದುಕೊಂಡಳು. ಮಳೆ ಹೋಗಲಿ, ಬೇಸಗೆ ಕಳೆಯಲಿ, ಅಣ್ಣನ ಮಗಳ ಮದುವೆ ಮುಗಿಯಲಿ ಎಂದುಕೊಂಡಳು. ಪ್ರತಿ ಸಲವೂ ಬಾಯಿಯವರೆಗೆ ಬಂದದ್ದನ್ನು ನುಂಗಿದಳು. ಹಾಗೆ ನುಂಗಿ ನುಂಗಿ, ಮುದುಕಿಯಾಗಿ ಹಾಸಿಗೆ ಹಿಡಿದ ದಿನ, ಈಗ ಯಾರ ಭಯ ಎಂದು ಬಾಯಿ ತೆರೆದಳು. ಮಗ ಎನ್ನುವ ಮಾತು ಬಂತು. ಹೆಸರು ಬರಲಿಲ್ಲ. ಎಷ್ಟು ಹುಡುಕಿದರೂ ಸಿಗಲಿಲ್ಲ.

ಹಟ್ಟಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಆಣೆಗೆ ಹೆದರಿ ಯಾರೂ ಅದನ್ನು ಮಕ್ಕಳಿಗೆ ಹೇಳಿರಲಿಲ್ಲ. ನಾನು ಇಷ್ಟು ಹೊತ್ತು ಹುಡುಗ ಹುಡುಗ ಎಂದು ಹೇಳಿದ್ದೂ ಅದಕ್ಕೇ, ಮಗು. ನನಗೂ ಗೊತ್ತಿಲ್ಲ. ಹಳ್ಳಕ್ಕೆ ಗೊತ್ತಿತ್ತಂತೆ. ಅದು ಈಗ ಮಾತಾಡುವುದಿಲ್ಲ.

ತೋಳಗಳ ಮನೆಯೂ ಒಡೆಯಿತು. ಕುಂಟ ಸತ್ತ, ಬೂದಜ್ಜಿ ಸತ್ತಳು. ಆ ಹುಡುಗನ ಮಕ್ಕಳು, ಮಕ್ಕಳ ಮಕ್ಕಳು ಬಯಲಿನಲ್ಲಿ ಹುಟ್ಟಿದರು. ಎರಡು ಮೈ ಅವರಿಗೆ ಬರಲಿಲ್ಲ, ತೋಳದ್ದೊಂದೇ ಬಂತು. ಅವರು ಹಸಿವಾದಾಗ ಮರಿ ಹೊಡೆಯುತ್ತಾರೆ, ಅದು ನಿಜ. ಆದರೆ ಹೊಟ್ಟೆ ತುಂಬಿದ ದಿನವೂ ಹಿಂಡಿನ ಹಿಂದೆ ನಡೆಯುತ್ತಾರೆ.

ಈಗಲೂ ನೋಡು, ಕುರಿಗಳು ಸಾಲುಹಿಡಿದು ಬಯಲು ದಾಟುವಾಗ ದೂರದಲ್ಲಿ ಒಂದು ತೋಳ ಬರುತ್ತಿರುತ್ತದೆ. ಯಾರಾದರೂ ಅಟ್ಟಿದರೆ ಓಡಿಹೋಗುವುದಿಲ್ಲ, ಸ್ವಲ್ಪ ದೂರ ನಡೆದು, ನಿಂತು, ಕುತ್ತಿಗೆ ತಿರುಗಿಸಿ ನಮ್ಮ ಬಾಯಿಯನ್ನೇ ನೋಡುತ್ತದೆ, ಮತ್ತು ನಾವು ಕಲ್ಲಿಗಾಗಿ ನೆಲ ತಡಕುತ್ತೇವೆ.